ಪಟ್ಟಿಯಲ್ಲಿ ಅಡಗಿದ್ದ ಸೂರ್ಯ

ಮಕ್ಕಳೇ, ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಮನೆಯಲ್ಲಿರುವ ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರ ಹತ್ತಿರ ಹೋಗಿ. ‘ಸೂರ್ಯ’ ಎಂದು ಬರೆದು ತೋರಿಸಿ ಎಂದು ಕೇಳಿ. ಕೆಲವರು ‘ಸೂ’ ಬರೆದು, ಆಮೇಲೆ ‘ಯ’ ಬರೆದು, ಅದರ ಪಕ್ಕಕ್ಕೆ ಅರ್ಕಾವತ್ತು ಹಾಕುತ್ತಾರೆ: ಸೂರ್ಯ. ಇನ್ನು ಕೆಲವರು ‘ರ’ವನ್ನು ಪೂರ್ತಿ ಬರೆದು ಅದಕ್ಕೆ ಯ-ಒತ್ತು ಕೊಡುತ್ತಾರೆ: ಸೂರ‍್ಯ. ಎರಡೂ ಸರಿ. ಓದುವಾಗ ಎರಡರ ಉಚ್ಚಾರವೂ ಒಂದೇ. ನಾನು ಭಾಲ್ಕಿ ಮತ್ತು ಔರಾದ್ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಮಾಸ್ತರನಾಗಿದ್ದಷ್ಟು ವರ್ಷವೂ ಎರಡಕ್ಕೂ ಪೂರ್ತಿ ಅಂಕ ಕೊಟ್ಟಿದ್ದೇನೆ.

ಆದರೆ ಕಂಪ್ಯೂಟರ್ ಮಾಸ್ತರನಲ್ಲ. ಅದರ ಕಣ್ಣಿಗೆ ಇವು ಎರಡು ಬೇರೆ ಬೇರೆ ಸೂರ್ಯ! ಈ ಸಣ್ಣ ವ್ಯತ್ಯಾಸದಿಂದ ಒಬ್ಬ ಹುಡುಗಿಯ ಹಾಸ್ಟೆಲ್ ಸೀಟು ಕೈತಪ್ಪುವುದರಲ್ಲಿತ್ತು. ಅದರ ಕಾರಣ ಹುಡುಕುತ್ತ ಹೊರಟ ನನಗೂ ನನ್ನ ಮೊಮ್ಮಗಳಿಗೂ ಪ್ರಪಂಚದ ಒಂದು ದೊಡ್ಡ ಗ್ರಂಥಾಲಯದ ಬಾಗಿಲು ಸಿಕ್ಕಿತು. ಆ ಗ್ರಂಥಾಲಯಕ್ಕೆ ಬೀಗವಿಲ್ಲ, ಚಂದಾ ಇಲ್ಲ. ಹುಡುಕಲು ಬರಬೇಕು, ಅಷ್ಟೇ.

ಹೆಸರು ಇದೆ, ಸಿಗುವುದಿಲ್ಲ

ನಮ್ಮ ಕಡೆ ಸೂರ್ಯಕಾಂತ ಎಂಬ ಹೆಸರಿನವರು ಊರಿಗೆ ನಾಲ್ಕಾರು ಮಂದಿ ಇರುತ್ತಾರೆ. ಮಕ್ಕಳ ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಬರೆಯುವುದು ಇಲ್ಲಿನ ರೂಢಿ. ಔರಾದ್ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳಿಗೆ ಬೀದರಿನ ಒಂದು ಹಾಸ್ಟೆಲಿಗೆ ಅರ್ಜಿ ಹಾಕಿದ್ದ. ಅವನ ಹೆಸರಿನಲ್ಲೂ ‘ಸೂರ್ಯ’ ಇದೆ. ಅಪ್ಪ, ಮಗಳು ಬಸ್ಸಿನಲ್ಲಿ ಬೀದರಿಗೆ ಹೋಗಿ ವಿಚಾರಿಸಿದರು. ಅಲ್ಲಿನ ಗುಮಾಸ್ತರು ಪೂರ್ತಿ ಹೆಸರು ಟೈಪ್ ಮಾಡಿ ಹುಡುಕಿದರು. ‘ಈ ಹೆಸರು ಪಟ್ಟಿಯಲ್ಲಿ ಇಲ್ಲ’ ಎಂದಿತು ಕಂಪ್ಯೂಟರ್. ಸೇರಿಕೊಳ್ಳಲು ಇನ್ನು ಎರಡೇ ದಿನ ಉಳಿದಿತ್ತು.

ಸಂಜೆ ಅವನ ಫೋನ್ ಬಂತು. “ಸರ್, ನಮ್ಮ ಹುಡುಗಿ ಹೆಸರು ಬಂದಿಲ್ಲಂತ್ರಿ. ಫಾರ್ಮ್ ನಾನೇ ಕೈಯಾರೆ ತುಂಬಿ ಕೊಟ್ಟೀನ್ರಿ.”

ಗೋಡೆಗೆ ಅಂಟಿಸಿದ್ದ ಪಟ್ಟಿಯ ಫೋಟೊಗಳು ಅವನ ಮೊಬೈಲಿನಲ್ಲಿದ್ದವು. ಕಳಿಸಲು ಹೇಳಿದೆ. ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ರಜೆಗೆ ಭಾಲ್ಕಿಗೆ ಬಂದಿದ್ದಳು. ಇಬ್ಬರೂ ಕೂತು ಒಂದೊಂದೇ ಸಾಲು ನೋಡುತ್ತ ಹೋದೆವು. ಮೂರನೆಯ ಪುಟದಲ್ಲಿ ಹುಡುಗಿಯ ಹೆಸರು ಇತ್ತು! ಆದರೆ ಅಲ್ಲಿ ಅರ್ಕಾವತ್ತಿನ ಸೂರ್ಯ ಇರಲಿಲ್ಲ. ಯ-ಒತ್ತಿನ ಸೂರ್ಯ ಇದ್ದ.

“ಮುತ್ಯಾ, ಹೆಸರು ಅದ. ಮತ್ತ ಕಂಪ್ಯೂಟರಿಗಿ ಯಾಕ ಸಿಗಲಿಲ್ಲ?” ಎಂದಳು ಮೊಮ್ಮಗಳು.

ಮರುದಿನ ಆ ಪುಟವನ್ನು ತೋರಿಸಿದ ಮೇಲೆ ಹುಡುಗಿಗೆ ಸೀಟು ಸಿಕ್ಕಿತು. ಆದರೆ ಮೊಮ್ಮಗಳ ಪ್ರಶ್ನೆ ಅಲ್ಲೇ ಉಳಿಯಿತು. ಸೂರ್ಯಕಾಂತ ಮಾತ್ರವೇ? ಐಶ್ವರ್ಯ, ಸೌಂದರ್ಯ, ಆರ್ಯ, ಆಚಾರ್ಯ ಇವರೆಲ್ಲರ ಹೆಸರಿನಲ್ಲೂ ಇದೇ ಒತ್ತು ಇದೆಯಲ್ಲ! ಫೋನ್ ಮಾಡಿ ಕೇಳಲು ಯಾರೂ ಇಲ್ಲದ ಮಕ್ಕಳು ‘ಇಲ್ಲ’ ಎಂದ ಕೂಡಲೇ ಮನೆಗೆ ಮರಳಿದರೆ?

ಬಾಗಿಲು ತೆರೆದ ತಂತ್ರಾಂಶ

ಕಂಪ್ಯೂಟರ್ ಆಗಲಿ, ಮೊಬೈಲ್ ಆಗಲಿ, ಮನುಷ್ಯರು ಬರೆದಿಟ್ಟ ಸೂಚನೆಗಳ ಪ್ರಕಾರ ನಡೆಯುತ್ತದೆ. ಆ ಸೂಚನೆಗಳ ಮೂಲ ಬರಹಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಹೋಳಿಗೆ ತಿಂದವರಿಗೆಲ್ಲ ಅದನ್ನು ಮಾಡುವ ಬಗೆ ಗೊತ್ತಿರುವುದಿಲ್ಲ. ಹೂರಣಕ್ಕೆ ಎಷ್ಟು ಬೆಲ್ಲ, ಕಣಕ ಎಷ್ಟು ಹೊತ್ತು ನೆನೆಯಬೇಕು ಎಂಬುದು ಮಾಡಿದವರಿಗಷ್ಟೇ ಗೊತ್ತು. ಅನೇಕ ಕಂಪನಿಗಳು ತಮ್ಮ ತಂತ್ರಾಂಶದ ಮೂಲ ಬರಹವನ್ನು ಹೀಗೆಯೇ ಗುಟ್ಟಾಗಿ ಇಡುತ್ತವೆ.

ಇನ್ನು ಕೆಲವರು, ‘ತಗೊಳ್ಳಿ, ಓದಿ, ಬೇಕಾದರೆ ತಿದ್ದಿ, ಬೇರೆಯವರಿಗೂ ಕೊಡಿ’ ಎಂದು ಬರೆದದ್ದನ್ನೆಲ್ಲ ಬಹಿರಂಗವಾಗಿ ಇಡುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ ಈ ಚಳವಳಿಗೆ ನಾಂದಿ ಹಾಡಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದು ಹಂಚಿದರು. ನಿಮ್ಮ ಮನೆಯ ಆಂಡ್ರಾಯ್ಡ್ ಮೊಬೈಲಿನ ಒಳಗೂ ಅದೇ ಲಿನಕ್ಸ್ ಇದೆ. ಇಂಥವಕ್ಕೆ ಮುಕ್ತ ತಂತ್ರಾಂಶ, ಓಪನ್ ಸೋರ್ಸ್ ಎಂಬ ಹೆಸರುಗಳಿವೆ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇರಬೇಕು ಎಂದಳು ಮೊಮ್ಮಗಳು. ಕನ್ನಡ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವ ಸೂಚನೆಗಳನ್ನು ಯಾರೋ ಬರೆದಿರುತ್ತಾರೆ. ಅವರು ಮುಕ್ತವಾಗಿ ಬರೆದಿಟ್ಟಿದ್ದರೆ ನಾವೂ ಓದಬಹುದು. ಆದರೆ ಕೋಟಿಗಟ್ಟಲೆ ಸಾಲುಗಳಲ್ಲಿ ನಮಗೆ ಬೇಕಾದ ನಾಲ್ಕು ಸಾಲನ್ನು ಹುಡುಕುವುದು ಹೇಗೆ?

ಮೂರು ಮೂರು ಅಕ್ಷರದ ಉಪಾಯ

ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ನೋಡಿರುತ್ತೀರಿ. ಯಾವ ಪದ ಯಾವ ಪುಟದಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಪದಸೂಚಿ ಇಲ್ಲದಿದ್ದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ನೋಡಬೇಕು. ಕಂಪ್ಯೂಟರ್ ಹುಡುಕುವುದೂ ಈ ಎರಡು ವಿಧಾನದಲ್ಲೇ.

ಬೆರಳಿಟ್ಟು ನೋಡುವ ವಿಧಾನಕ್ಕೆ ‘ಗ್ರೆಪ್’ ಎಂಬ ಪುಟ್ಟ ತಂತ್ರಾಂಶ ಹೆಸರುವಾಸಿ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದದ್ದು. 1973ರಿಂದ ಇಂದಿನವರೆಗೂ ಬಳಕೆಯಲ್ಲಿದೆ. ಒಂದು ಪದ ಕೊಟ್ಟರೆ ಸಾಕು, ಕಡತಗಳ ಪ್ರತಿ ಸಾಲನ್ನೂ ಓದಿ, ಆ ಪದ ಇರುವ ಸಾಲುಗಳನ್ನು ಮಾತ್ರ ಹೆಕ್ಕಿ ತೋರಿಸುತ್ತದೆ. ಮೊರದಲ್ಲಿ ತೊಗರಿ ಹಸನು ಮಾಡುವ ಅಜ್ಜಿಯ ಹಾಗೆ!

ಆದರೆ ಪ್ರಪಂಚದ ಮುಕ್ತ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಹುಡುಕಬೇಕಾದರೆ ಮೊರ ಸಾಲದು. 2006ರಲ್ಲಿ ಗೂಗಲ್ ಸಂಸ್ಥೆ ಕೋಡ್ ಹುಡುಕುವ ಒಂದು ಸೇವೆ ಶುರು ಮಾಡಿತು. ಅದನ್ನು ಕಟ್ಟಿದವರು ರಸ್ ಕಾಕ್ಸ್. ಅವರು ಬಳಸಿದ ಉಪಾಯ ಸರಳವಾಗಿದೆ. ನಮ್ಮ ಜಿಲ್ಲೆಯ ಕಮಲನಗರದ ಹೆಸರಿನಿಂದಲೇ ಅದನ್ನು ತಿಳಿಯೋಣ.

ಕಮಲನಗರ ಎಂಬುದರಲ್ಲಿ ಆರು ಅಕ್ಷರ. ಅದನ್ನು ಮೂರು ಮೂರಾಗಿ, ಒಂದೊಂದೇ ಅಕ್ಷರ ಸರಿಸುತ್ತ ಕತ್ತರಿಸಿ: ಕಮಲ, ಮಲನ, ಲನಗ, ನಗರ. ನಾಲ್ಕು ತುಂಡುಗಳಾದವು. ಪ್ರತಿ ಮೂರಕ್ಷರದ ತುಂಡು ಯಾವ ಯಾವ ಕಡತದಲ್ಲಿದೆ ಎಂದು ಮೊದಲೇ ಒಂದು ಪದಸೂಚಿ ಮಾಡಿಟ್ಟುಕೊಂಡಿರಬೇಕು. ಈಗ ‘ಕಮಲ’ ಎಂಬ ತುಂಡು 2, 7, 9ನೇ ಕಡತಗಳಲ್ಲಿದೆ ಎನ್ನಿ. ‘ನಗರ’ ಎಂಬುದು 3, 7, 9, 12ರಲ್ಲಿದೆ. ‘ಲನಗ’ ಎಂಬ ವಿಚಿತ್ರ ತುಂಡು 7ರಲ್ಲಿ ಮಾತ್ರ ಇದೆ. ಹಾಗಾದರೆ ಇಡೀ ಕಮಲನಗರ ಇರಲು ಸಾಧ್ಯವಿರುವುದು 7ನೇ ಕಡತದಲ್ಲಿ ಮಾತ್ರ. ಉಳಿದದ್ದನ್ನು ತೆರೆದು ನೋಡುವ ಗೋಜೇ ಇಲ್ಲ!

ಗೂಗಲ್ ಆ ಸೇವೆಯನ್ನು 2012ರ ಜನವರಿಯಲ್ಲಿ ನಿಲ್ಲಿಸಿತು. ಅದೇ ಹೊತ್ತಿಗೆ ರಸ್ ಕಾಕ್ಸ್ ಈ ಉಪಾಯವನ್ನು ವಿವರವಾಗಿ ಬರೆದು, ಅದರಂತೆ ಕೆಲಸ ಮಾಡುವ ಚಿಕ್ಕ ತಂತ್ರಾಂಶವನ್ನೂ ಮುಕ್ತವಾಗಿ ಕೊಟ್ಟರು. ಅದನ್ನು ಓದಿದ ಜರ್ಮನಿಯ ವಿದ್ಯಾರ್ಥಿ ಮೈಕೆಲ್ ಸ್ಟಾಪೆಲ್‌ಬರ್ಗ್, ಡೆಬಿಯನ್ ಎಂಬ ಲಿನಕ್ಸ್ ಬಳಗದ ಸೋರ್ಸ್ ಕೋಡನ್ನೆಲ್ಲ ಹುಡುಕಬಲ್ಲ ಸೇವೆಯನ್ನು ಅದೇ ವರ್ಷ ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಒಂದು ಬಾಗಿಲು ಮುಚ್ಚಿದರೂ ಕೀಲಿಕೈ ಎಲ್ಲರ ಕೈಗೆ ಸಿಕ್ಕಿತ್ತು, ನೋಡಿ.

ಹರ್ಫ್ ಅಂದರೆ ಅಕ್ಷರ

ಮೊಮ್ಮಗಳು ಮೊದಲು ‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಹಾಕಿ ಹುಡುಕಿದಳು. ರಾಶಿ ರಾಶಿ ಉತ್ತರ ಬಂದವು. ಭಾಷೆಗಳ ಪಟ್ಟಿ, ಫಾಂಟುಗಳ ಹೆಸರು, ಯಾರೋ ಕನ್ನಡಕ್ಕೆ ಅನುವಾದಿಸಿದ ಮೆನುಗಳು. ಬೇಕಾದದ್ದು ಮಾತ್ರ ಕಾಣಲಿಲ್ಲ.

“ಇಡೀ ಸಂತೆಗ ಹೋಗಿ ‘ಸಾಮಾನು ಕೊಡ್ರಿ’ ಅಂದ್ರ ಯಾರು ಕೊಡ್ತಾರ? ಯಾವ ಅಂಗಡಿ ಅಂತ ಮೊದಲು ನೋಡು” ಎಂದೆ.

ಅವಳು ಕೋಡ್ ಬಿಟ್ಟು ಕೈಪಿಡಿಗಳನ್ನು ಓದಲು ಕೂತಳು. ಒಳ್ಳೆಯ ಮುಕ್ತ ತಂತ್ರಾಂಶದ ಜೊತೆ, ಅದು ಏನು ಮಾಡುತ್ತದೆ, ಹೇಗೆ ಬಳಸಬೇಕು ಎಂಬ ಬರಹವೂ ಇರುತ್ತದೆ. ಅದನ್ನು ಓದಿದಾಗ ಅಕ್ಷರ ಜೋಡಿಸುವ ಕೆಲಸಕ್ಕೇ ಒಂದು ಬೇರೆ ತಂತ್ರಾಂಶ ಇದೆ ಎಂದು ತಿಳಿಯಿತು. ‘ರ’, ಅರ್ಧಾಕ್ಷರದ ಚಿಹ್ನೆ, ‘ಯ’ ಮೂರೂ ಬಂದರೆ ಒತ್ತು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಅದೇ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಅದನ್ನು ಬಳಸುತ್ತವೆ. ಅದರ ಹೆಸರು ಹರ್ಫ್‌ಬಜ್.

ಹೆಸರು ಕೇಳಿ ನನ್ನ ಕಿವಿ ನೆಟ್ಟಗಾದವು. ನಮ್ಮ ಜಿಲ್ಲೆಯ ಹಿರಿಯರಿಗೆ ‘ಹರ್ಫ್’ ಎಂಬ ಪದ ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಉರ್ದು ಕಲಿತವರೆಲ್ಲ ‘ಹರ್ಫ್’ ಎಂದರೆ ಅಕ್ಷರ ಎಂದು ಬಲ್ಲರು. ‘ಬಾಜ್’ ಎಂದರೆ ಪಾರಸಿಯಲ್ಲಿ ತೆರೆದದ್ದು. ಹರ್ಫ್‌ಬಜ್ ಎಂದರೆ ‘ತೆರೆದ ಅಕ್ಷರ’! ಅದನ್ನು ಮುನ್ನಡೆಸಿದವರು ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗಿಲಾನ್ ಪ್ರಾಂತ್ಯದಿಂದಲೇ ಬಂದವನು.

ಭಾಲ್ಕಿಯವನಾದ ನನಗೆ ಇನ್ನೊಂದು ಮಾತು ನೆನಪಾಯಿತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದರು ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಮನೆ ಮನೆಯಲ್ಲೂ ಹೇಳುತ್ತಾರೆ. ಅಂದು ಮುಚ್ಚಿಟ್ಟು ಕಲಿಸಬೇಕಾಗಿದ್ದ ಅಕ್ಷರ ಇಂದು ಎಲ್ಲರೂ ತೆರೆದು ಓದಬಹುದಾದ ಬರಹದೊಳಗೆ ಕೂತಿದೆ.

ಕೋಡಿನೊಳಗಿನ ಕನ್ನಡದ ಸಾಲು

ಈಗ ಅಂಗಡಿ ಗೊತ್ತಾಗಿತ್ತು. ಆದರೆ ಯಾವ ಪದ ಹಾಕಿ ಹುಡುಕಬೇಕು?

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಡುತ್ತದೆ. ಪ್ರಪಂಚದ ಎಲ್ಲ ಲಿಪಿಗಳಿಗೂ ಸಂಖ್ಯೆ ಹಂಚುವ ಏರ್ಪಾಡಿಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆ ಮೀಸಲು. ‘ರ’ಗೆ 3248. ಅರ್ಧಾಕ್ಷರದ ಚಿಹ್ನೆಗೆ 3277. ‘ಯ’ಗೆ 3247. ಅರ್ಕಾವತ್ತಿನ ‘ರ್ಯ’ ಬೇಕಾದರೆ ಈ ಮೂರನ್ನು ಸಾಲಾಗಿ ಇಟ್ಟರೆ ಸಾಕು:

3248, 3277, 3247

ಯ-ಒತ್ತಿನ ‘ರ‍್ಯ’ ಬೇಕಾದರೆ ನಡುವೆ ಒಂದು ಅದೃಶ್ಯ ಚಿಹ್ನೆ ಸೇರುತ್ತದೆ. ಅದರ ಸಂಖ್ಯೆ 8205. ಅದಕ್ಕೆ ಆಕಾರವಿಲ್ಲ, ಅಗಲವಿಲ್ಲ. ‘ಹೀಗೆ ಜೋಡಿಸು’ ಎಂದು ಸನ್ನೆ ಮಾಡುವುದಷ್ಟೇ ಅದರ ಕೆಲಸ. ಇಂಗ್ಲಿಷಿನಲ್ಲಿ ಜೀರೋ ವಿಡ್ತ್ ಜಾಯ್ನರ್, ಚಿಕ್ಕದಾಗಿ ಜೆಡ್‌ಡಬ್ಲ್ಯೂಜೆ.

3248, 8205, 3277, 3247

ಮೊಮ್ಮಗಳು ಹರ್ಫ್‌ಬಜ್‌ನ ಸೋರ್ಸ್ ಕೋಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಗ್ರೆಪ್ ಬಳಸಿ ‘ಕನ್ನಡ’ ಮತ್ತು ‘ಜೆಡ್‌ಡಬ್ಲ್ಯೂಜೆ’ ಎರಡೂ ಹತ್ತಿರ ಹತ್ತಿರ ಇರುವ ಜಾಗ ಹುಡುಕಿದಳು. ಭಾರತೀಯ ಲಿಪಿಗಳಿಗೆಂದೇ ಇರುವ ಒಂದು ಕಡತದಲ್ಲಿ ಕೆಲವೇ ಸಾಲು ಸಿಕ್ಕವು. ಅದರ ಮೇಲೆ ಬರೆದವರೇ ಒಂದು ಟಿಪ್ಪಣಿ ಇಟ್ಟಿದ್ದರು. ಅದರ ಸಾರ ಇಷ್ಟು: ಕನ್ನಡದ ಹಳೆಯ ಬಳಕೆಯಲ್ಲಿ ‘ರ’ ಆದ ಮೇಲೆ ಅರ್ಧಾಕ್ಷರದ ಚಿಹ್ನೆ, ಅದರ ನಂತರ ಅದೃಶ್ಯ ಚಿಹ್ನೆ ಬಂದಿರುವುದುಂಟು, ಅದನ್ನೂ ಹೊಸ ಕ್ರಮದ ಹಾಗೆಯೇ ತೋರಿಸಬೇಕು. ಕೆಳಗಿನ ಸೂಚನೆ, ಆ ಎರಡು ಚಿಹ್ನೆಗಳ ಜಾಗವನ್ನು ಅದಲು ಬದಲು ಮಾಡುತ್ತದೆ. ಟಿಪ್ಪಣಿಯಲ್ಲಿ 435 ಎಂಬ ಚರ್ಚೆಯ ಸಂಖ್ಯೆಯೂ ಇತ್ತು. ಯಾಕೆ ಹೀಗೆ ಮಾಡಿದರು ಎಂದು ತಿಳಿಯಬೇಕಾದವರು ಆ ಚರ್ಚೆಯನ್ನು ತೆರೆದು ಓದಬಹುದು.

ನನಗೆ ಆದ ಸಂತೋಷ ಹೇಳತೀರದು. ದೂರದ ಊರುಗಳಲ್ಲಿ ಕೂತ, ಬಹುಶಃ ಕನ್ನಡ ಮಾತನಾಡಲು ಬಾರದ ಜನ, ನಮ್ಮ ಒಂದು ಒತ್ತಿಗಾಗಿ ಕೂತು ಚರ್ಚೆ ಮಾಡಿ, ನಾಲ್ಕು ಸಾಲು ಬರೆದು, ಯಾಕೆ ಬರೆದೆವು ಎಂದೂ ಹೇಳಿಟ್ಟಿದ್ದಾರೆ!

ಅಲ್ಲಿಗೆ ಒಗಟು ಬಿಡಿಸಿತು. ಒಂದೇ ‘ರ್ಯ’ಗೆ ಮೂರು ಸಂಖ್ಯಾ ರೂಪಗಳಿವೆ. ಹಳೆಯದು ಹೀಗೆ:

3248, 3277, 8205, 3247

ಯ-ಒತ್ತಿನ ಎರಡು ರೂಪಗಳು ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಬೇರೆ. ಹಾಸ್ಟೆಲಿನ ಪಟ್ಟಿಯ ಒಂದು ಭಾಗ ಹಳೆಯ ಫಾಂಟಿನಲ್ಲಿ ಟೈಪ್ ಆಗಿ, ಆಮೇಲೆ ಯೂನಿಕೋಡಿಗೆ ಬದಲಾದದ್ದು. ಅದರಲ್ಲಿ 8205 ಸೇರಿಕೊಂಡಿತ್ತು. ಗುಮಾಸ್ತರು ಟೈಪ್ ಮಾಡಿದ್ದರಲ್ಲಿ ಅದು ಇರಲಿಲ್ಲ. ಸಂಖ್ಯೆ ಹೊಂದಲಿಲ್ಲ, ಹೆಸರು ಸಿಗಲಿಲ್ಲ. ಹುಡುಗಿಯದೂ ತಪ್ಪಿಲ್ಲ, ಗುಮಾಸ್ತರದೂ ತಪ್ಪಿಲ್ಲ.

ಪರಿಹಾರವೂ ಅಲ್ಲೇ ಇತ್ತು. ಮೂರೂ ರೂಪಗಳಿಂದ 8205 ತೆಗೆದು ನೋಡಿ. ಉಳಿಯುವುದು ಒಂದೇ: 3248, 3277, 3247! ಹೋಲಿಸುವಾಗ ಮಾಮೂಲಾಗಿ ಈ ಅದೃಶ್ಯ ಚಿಹ್ನೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಯೂನಿಕೋಡಿನ ಕ್ರಮ ಎಂದು ಅದರ ಕೈಪಿಡಿಯಲ್ಲೂ ಸಿಕ್ಕಿತು. ಆದರೆ ಒಂದು ಎಚ್ಚರಿಕೆ. ಪಟ್ಟಿಯಿಂದಲೇ ಅದನ್ನು ಅಳಿಸಬಾರದು. ಅಳಿಸಿದರೆ ಯ-ಒತ್ತಿನಲ್ಲಿ ಬರೆದವರ ಹೆಸರಿನ ರೂಪವೇ ಬದಲಾಗುತ್ತದೆ. ಹುಡುಕುವ ಹೊತ್ತಿಗೆ ಮಾತ್ರ ಕಡೆಗಣಿಸಬೇಕು.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು, ಸಿಕ್ಕ ಸಾಲುಗಳನ್ನೂ ಜೊತೆಗಿಟ್ಟು ಹಾಸ್ಟೆಲಿನವರಿಗೆ ಕೊಟ್ಟೆವು. ಅವರ ಕಂಪ್ಯೂಟರ್ ನೋಡಿಕೊಳ್ಳುವ ತರುಣ ಓದಿ, ಸಣ್ಣ ತಿದ್ದುಪಡಿ ಮಾಡಿದ. ಈಗ ಯಾವ ಸೂರ್ಯ ಹಾಕಿದರೂ ಸಿಗುತ್ತಾನೆ. ಈ ಕೆಲಸದಲ್ಲಿ ಕಂಪ್ಯೂಟರ್ ಬಲ್ಲವಳು ಮೊಮ್ಮಗಳು, ಒತ್ತಕ್ಷರ ಬಲ್ಲವನು ನಾನು. ಎರಡು ರೂಪ ಇವೆ ಎಂದು ಗೊತ್ತಿಲ್ಲದಿದ್ದರೆ ಏನನ್ನು ಹುಡುಕಬೇಕು ಎಂದೇ ತಿಳಿಯುತ್ತಿರಲಿಲ್ಲ. ಹುಡುಕಲು ಬಾರದಿದ್ದರೆ, ತಿಳಿದಿದ್ದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಒಂದೇ ಕಡೆ ಇಟ್ಟರೆ ಅಪಾಯ

ಮಹಮೂದ್ ಗವಾನನ ಮದರಸಾ 1472ರ ಹೊತ್ತಿಗೆ ಎದ್ದು ನಿಂತಿತು. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. 17ನೇ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಅಲ್ಲಿ ಕೂಡಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಕುಸಿಯಿತು. ಇಂದು ಹೋದರೆ ನಿಮಗೆ ಒಂದೇ ಮಿನಾರು ಕಾಣುತ್ತದೆ. ಪುಸ್ತಕಗಳು ಒಂದೂ ಇಲ್ಲ.

ಸೋರ್ಸ್ ಕೋಡಿಗೂ ಅಂಥ ಗತಿ ಬರಬಾರದೆಂದು ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆ 2016ರಲ್ಲಿ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಭಂಡಾರವನ್ನು ಆರಂಭಿಸಿತು. ಸಿಕ್ಕಷ್ಟೂ ಬಹಿರಂಗ ಸೋರ್ಸ್ ಕೋಡನ್ನು, ಅದು ಬದಲಾದ ಇತಿಹಾಸದ ಸಮೇತ, ಅಲ್ಲಿ ಕೂಡಿಡುತ್ತಿದ್ದಾರೆ. ಯುನೆಸ್ಕೊ ಅದರ ಜೊತೆಗೂಡಿದೆ. ಇದಲ್ಲದೆ ಮುಕ್ತ ತಂತ್ರಾಂಶದ ಪ್ರತಿಗಳು ಸಾವಿರಾರು ಜನರ ಕಂಪ್ಯೂಟರುಗಳಲ್ಲಿ ಇರುತ್ತವೆ. ಒಂದು ಕಟ್ಟಡ ಬಿದ್ದರೆ ಎಲ್ಲ ಮುಗಿಯಿತು ಎಂಬ ಭಯವಿಲ್ಲ. ಹರ್ಫ್‌ಬಜ್‌ನ ಒಂದು ಪ್ರತಿ ಈಗ ಭಾಲ್ಕಿಯ ನಮ್ಮ ಮನೆಯಲ್ಲೂ ಇದೆ!

ನೀವೂ ಹುಡುಕಿ ನೋಡಿ

* ಅಜ್ಜ ಅಜ್ಜಿಯರೇ, ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ ಮತ್ತು ಓಂಶಿವಪ್ರಕಾಶ್ ಮೊದಲಾದ ತಂತ್ರಜ್ಞರ ಶ್ರಮ ಅದು. ‘ಕಾಯಕ’ ಎಂಬ ಪದ ಯಾರ ಯಾರ ವಚನದಲ್ಲಿ ಬಂದಿದೆ ಎಂದು ಮೊಮ್ಮಕ್ಕಳಿಂದ ಹುಡುಕಿಸಿ.

* ಮಕ್ಕಳೇ, ಮೊಬೈಲಿನಲ್ಲಿ ಒಂದು ಕಡತ ತೆರೆದು ‘ಕಾರ್ಯ’ ಎಂದು ಎರಡೂ ಬಗೆಯಲ್ಲಿ ಬರೆಯಿರಿ. ಒಂದನ್ನು ಹುಡುಕಿದರೆ ಇನ್ನೊಂದೂ ಸಿಗುತ್ತದೆಯೇ ನೋಡಿ. ಕೆಲವು ತಂತ್ರಾಂಶಗಳಲ್ಲಿ ಸಿಗುತ್ತದೆ, ಕೆಲವದರಲ್ಲಿ ಇಲ್ಲ.

* ನಿಮ್ಮ ಊರಿನ ಹೆಸರನ್ನು ಮೂರು ಮೂರು ಅಕ್ಷರದ ತುಂಡು ಮಾಡಿ. ಬೇರೆ ಯಾವ ಊರಿನ ಹೆಸರಿನಲ್ಲೂ ಇಲ್ಲದ ತುಂಡು ಯಾವುದು? ಆ ತುಂಡೇ ನಿಮ್ಮ ಊರನ್ನು ಬೇಗ ಹುಡುಕಿಕೊಡುತ್ತದೆ.

* ಇನ್ನು ಮುಂದೆ ಯಾರಾದರೂ ಕಂಪ್ಯೂಟರ್ ನೋಡಿ ‘ನಿಮ್ಮ ಹೆಸರು ಇಲ್ಲ’ ಎಂದರೆ, ಮನೆಗೆ ಹೊರಡುವ ಮುಂಚೆ ಕೇಳಿ: “ಇನ್ನೊಂದು ಥರ ಬರೆದು ನೋಡ್ತೀರಾ?”